ನಿಮ್ಮ ಅಜ್ಜನ ಹದಿನಾರು ಸಾಲು

ಚಿನ್ನವ್ವ, ಪುಟ್ಟಪ್ಪ, ಇದನ್ನು ನಿಮ್ಮ ಆಯಿ, ಅಪ್ಪನ ಅವ್ವ, ನಿಮಗಾಗಿ ಬರೆಯುತ್ತಿದ್ದೇನೆ. ಶಾಲೆಯ ಹಾಜರಿಯಲ್ಲಿರುವ ನಿಮ್ಮ ದೊಡ್ಡ ಹೆಸರುಗಳು ನನ್ನ ಬಾಯಿಗೆ ಇನ್ನೂ ಹೊಂದಿಕೊಂಡಿಲ್ಲ, ಅದಕ್ಕೆ ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಕರೆದಿದ್ದೇನೆ. ಹೋದ ಬೇಸಿಗೆ ರಜೆಯಲ್ಲಿ ನೀವಿಬ್ಬರೂ ರಾಮದುರ್ಗದಲ್ಲಿ, ನಿಮ್ಮ ಅವ್ವನ ತವರುಮನೆಯಲ್ಲಿದ್ದಿರಿ. ತಿರುಗಿ ಬೈಲಹೊಂಗಲಕ್ಕೆ ಬಂದ ದಿನ ಚಪ್ಪಲಿ ಬಿಡುತ್ತಲೇ ಚಿನ್ನವ್ವ, “ಆಯಿ, ಅಜ್ಜನ ಫೈಲ್ ಓದಿದ್ರೇನ?” ಎಂದು ಕೇಳಿದಳು. ನಾನು “ತಡಿ, ಚಹಾ ಉಕ್ಕಾಕ್ಹತ್ತೈತಿ” ಎಂದು ಒಳಗೆ ಹೋದೆ. ಒಲೆಯ ಮೇಲೆ ಚಹಾ ಇರಲಿಲ್ಲ.

ಅಂದು ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಎದುರು ಕೂತು ಹೇಳುವುದಕ್ಕಿಂತ ಬರೆಯುವುದು ನನಗೆ ಸಲೀಸು.

ನಿಮ್ಮ ಅಜ್ಜ ನಿವೃತ್ತರಾಗಿ ಏಳೆಂಟು ವರ್ಷವಾದ ಮೇಲೆ ಪೇಟೆಯ ಝೆರಾಕ್ಸ್ ಅಂಗಡಿಯಿಂದ ಒಂದು ಹಳೆಯ ಕಂಪ್ಯೂಟರ್ ತಂದು ಪಡಸಾಲೆಯ ಮೂಲೆಯಲ್ಲಿ ಇಟ್ಟುಕೊಂಡರು. ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದ ಕೈ, ಎರಡೇ ಬೆರಳಿನಿಂದ ಕನ್ನಡ ಹೊಡೆಯಲು ಕಲಿಯಿತು. ಮೊದಲ ದಿನ, ಮಕ್ಕಳು ಪಾಟಿಯ ಮೇಲೆ ಬರೆಯುವ ಹಾಗೆ, ತಮ್ಮ ಹೆಸರನ್ನೇ ಹೊಡೆದರು. ಫೈಲ್ ಕೂಡ ಅದೇ ಹೆಸರಿನಲ್ಲಿ ಉಳಿಯಿತು. ಬೇರೆ ಫೈಲ್ ಮಾಡಲು ಅವರಿಗೆ ಬರಲಿಲ್ಲವೋ, ಬೇಡವೆನಿಸಿತೋ, ಮುಂದೆ ಬರೆದದ್ದೆಲ್ಲ ಅದರ ಕೆಳಗೇ ಬೆಳೆಯುತ್ತ ಹೋಯಿತು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಒಂದು ತಾಸು ಕೂಡುತ್ತಿದ್ದರು. ನಾನು ರೊಟ್ಟಿ ಬಡಿಯುವ ಸದ್ದು, ಅವರು ಕೀಲಿ ಒತ್ತುವ ಸದ್ದು, ಎರಡೂ ಒಂದೇ ಹೊತ್ತಿಗೆ ನಿಲ್ಲುತ್ತಿದ್ದವು.

ಒಂದು ದಿನ ಚಹಾ ಕೊಡಲು ಹೋದಾಗ ತಾವಾಗಿಯೇ ಹೇಳಿದರು: “ಮೊಮ್ಮಕ್ಕಳಿಗೆ ಬರದು ಇಡಾಕ್ಹತ್ತೇನಿ. ಇದರಾಗ ನಿನ್ನ ಸುದ್ದಿನೂ ಐತಿ. ಈಗ ಓದಬ್ಯಾಡ.”

ಏನು ಸುದ್ದಿ ಎಂದು ನಾನು ಕೇಳಲಿಲ್ಲ. ನಾಲ್ವತ್ತೈದು ವರ್ಷದ ಸಂಸಾರದಲ್ಲಿ ಅವರು ನನ್ನ ಬಗ್ಗೆ ನನ್ನೆದುರು ಒಳ್ಳೆಯದನ್ನೂ ಹೇಳಿದವರಲ್ಲ, ಕೆಟ್ಟದ್ದನ್ನೂ ಹೇಳಿದವರಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ತಾವೇ ಎದ್ದು ಹಾಕಿಕೊಳ್ಳುತ್ತಿದ್ದರು. ಅಂಥವರು ನನ್ನ ಸುದ್ದಿ ಏನು ಬರೆದಿರಬಹುದು? ಚಹಾದ ಬಟ್ಟಲು ತಿರುಗಿ ತರುವಾಗ ನನ್ನ ಕಿವಿ ಬಿಸಿಯಾಗಿದ್ದವು.

ಅವರು ಹೋದ ಮೇಲೆ ಆ ಕಂಪ್ಯೂಟರ್ ಕೂಡ ಶುರುವಾಗಲಿಲ್ಲ. ನಿಮ್ಮ ಅಪ್ಪ ಅದನ್ನು ರಿಪೇರಿಯವನ ಹತ್ತಿರ ಒಯ್ದು, ಆ ಒಂದು ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದ. ಡಬ್ಬಿ ಗುಜರಿಗೆ ಹೋಯಿತು. ಆದರೆ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಒಂದು ಅಕ್ಷರವೂ ಕನ್ನಡದ್ದಲ್ಲ. ಟೋಪಿ ಹಾಕಿದ, ಬಾಲ ಅಂಟಿಸಿದ ಇಂಗ್ಲಿಷ್ ಅಕ್ಷರಗಳು, ಪುಟ ತುಂಬ.

“ಮಾವನವರ ಕನ್ನಡ ಹಳೇದ್ರಿ ಅತ್ತಿ,” ಎಂದಳು ನಿಮ್ಮ ಅವ್ವ. “ಆಗಿನ ಅಕ್ಷರದ ಒಳಗಿನ ನಂಬರ ಬ್ಯಾರೆ, ಈಗಿನದು ಬ್ಯಾರೆ. ಒಂದು ಪ್ರೋಗ್ರಾಮ್ ಬರದು ಅದರ ಕೈಲೆ ಫೈಲ್ ಓದಿಸಬೇಕು, ಒಂದೊಂದು ಅಕ್ಷರ ಬದಲಿ ಮಾಡಿಸಬೇಕು. ರಜಾದಾಗ ಮಾಡೋಣ್ರಿ.”

ಆಕೆ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಆಕೆಯ ರಜೆ ಬರಲು ಮೂರು ವರ್ಷ ಬೇಕಾಯಿತು. ನೀವೇ ನೋಡಿದ್ದೀರಿ, ಪರೀಕ್ಷೆ, ಪೇಪರು ತಿದ್ದುವುದು, ನಿಮ್ಮ ಜ್ವರ, ನನ್ನ ಮೊಣಕಾಲು. ಕಡೆಗೆ ಹೋದ ಬೇಸಿಗೆಯಲ್ಲಿ ಆಕೆಯ ಮೂವರು ವಿದ್ಯಾರ್ಥಿನಿಯರು, “ಮ್ಯಾಡಮ್, ನಮಗ ಪೈಥಾನ್ ಹೇಳಿಕೊಡ್ರಿ” ಎಂದು ಬೆನ್ನು ಹತ್ತಿದರು. ಪೈಥಾನ್ ಎಂದರೆ ಕಂಪ್ಯೂಟರ್‌ಗೆ ಕೆಲಸ ಹೇಳುವ ಒಂದು ಭಾಷೆ. ಒಬ್ಬಳು ಕಿತ್ತೂರಿನವಳು, ಒಬ್ಬಳು ಸವದತ್ತಿಯ ಆಚೆಗಿನ ಹೂಲಿಯವಳು, ಇಬ್ಬರೂ ಇಲ್ಲಿಯ ಹಾಸ್ಟೆಲಿನಲ್ಲಿದ್ದರು. ಮೂರನೆಯವಳು ನಮ್ಮ ಓಣಿಯ ಹಿಂದಿನವಳೇ. ಎರಡು ವಾರ, ದಿನಾ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ, ಇದ್ದ ಒಂದೇ ಲ್ಯಾಪ್‌ಟಾಪ್ ಮೇಲೆ ಸರದಿಯಂತೆ ಪಾಠ ಎಂದು ಗೊತ್ತಾಯಿತು. ಪಾಠಕ್ಕೆ ಅಜ್ಜನ ಫೈಲನ್ನೇ ತೆಗೆದುಕೊಳ್ಳುತ್ತೇನೆ, ಹುಡುಗಿಯರೂ ಕಲಿಯುತ್ತಾರೆ, ನಮ್ಮ ಕೆಲಸವೂ ಆಗುತ್ತದೆ ಎಂದು ನಿಮ್ಮ ಅವ್ವ ಲೆಕ್ಕ ಹಾಕಿದ್ದಳು.

ನಾನು ಕಂಬಕ್ಕೆ ಆತು, ಮೊರದಲ್ಲಿ ಜೋಳ ಹಸನು ಮಾಡುತ್ತ ಕೂಡುತ್ತಿದ್ದೆ. ನಾನು ಏಳನೇ ಇಯತ್ತೆಯವರೆಗೆ ಹಳ್ಳಿಯ ಸಾಲಿ ಕಲಿತವಳು. ಆ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದೆ, ಅಲ್ಲಿಗೆ ಮುಗಿಯಿತು. ಆದರೂ ಪಾಠ ನಡೆದಲ್ಲಿ ಕಿವಿ ತಾನೇ ಹೋಗುತ್ತದೆ. ಪುಟ್ಟಪ್ಪನ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳು ಉಳಿದಿದ್ದವು, ಮೊದಲ ದಿನವೇ ಅದನ್ನು ಮೊರದ ಕೆಳಗೆ ಇಟ್ಟುಕೊಂಡೆ. ಬೋರ್ಡಿನ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿ ನೋಡಿ ಬರೆದುಕೊಳ್ಳುವ ಹಾಗೆ ಬರೆದುಕೊಂಡೆ.

ನಿಮ್ಮ ಅವ್ವ ಚೆನ್ನಾಗಿ ಕಲಿಸುತ್ತಾಳೆ. “ಕಂಪ್ಯೂಟರ್ ತಾನಾಗಿ ಏನೂ ಓದೂದಿಲ್ಲ,” ಎಂದು ಶುರು ಮಾಡಿದಳು. “ಮೊದಲ ಯಾವ ಫೈಲ್ ಅಂತ ಹೆಸರು ಹೇಳಬೇಕು. ಆಮ್ಯಾಲ ಯಾಕ ತೆರೀತೀವಿ ಅಂತನೂ ಹೇಳಬೇಕು, ಓದಾಕೋ ಬರಿಯಾಕೋ. ಅದಕ್ಕ ಒಂದ ಒಂದು ಅಕ್ಷರದ ಗುರ್ತು ಐತಿ. ಕೆಲಸ ಮುಗದ ಮ್ಯಾಲ ಮುಚ್ಚಬೇಕು.”

“ಮುಚ್ಚಲಿಲ್ಲಂದ್ರ ಏನಾಕ್ಕೈತ್ರಿ ಮ್ಯಾಡಮ್?” ಎಂದಳು ಕಿತ್ತೂರಿನವಳು.

“ಹಿಟ್ಟಿನ ಡಬ್ಬಿ ತೆರದು ಹಂಗ ಬಿಟ್ಟ ಹೋಗಿ ನೋಡು. ಆಯಿ ಏನಂತಾರ, ಅದ ಆಕ್ಕೈತಿ.”

ಹುಡುಗಿಯರು ನನ್ನ ಕಡೆ ತಿರುಗಿ ನಕ್ಕರು. ನಾನು ಜೋಳದ ಕಡೆ ನೋಡಿದೆ. ಆದರೆ ಆ ಮಾತು ನನಗೆ ಹಿಡಿಸಿತು. ಯಾಕೆ ತೆರೆಯುತ್ತೀರಿ ಎಂದು ಮೊದಲೇ ಕೇಳುವ ಯಂತ್ರ. ಮನುಷ್ಯರು ಹಾಗೆ ಕೇಳುವುದಿಲ್ಲ.

ಮೊದಲ ದಿನ ಹುಡುಗಿಯರು ತಂತಮ್ಮ ಹೆಸರಿನ ಹೊಸ ಫೈಲ್ ಮಾಡಿ ಅದರಲ್ಲಿ ‘ನಮ್ಮ ಊರು ಬೈಲಹೊಂಗಲ’ ಎಂದು ಒಂದು ಸಾಲು ಬರೆಸಿದರು. ಎರಡನೇ ದಿನ ಅದನ್ನು ಓದಿಸಿದರು. ನನ್ನ ನೋಟ್‌ಬುಕ್ಕಿನಲ್ಲೂ ಹಾಗೆಯೇ, ಮೊದಲ ಪುಟ ಬರೆಯುವುದು, ಎರಡನೇ ಪುಟ ಓದುವುದು, ಮೂರನೇ ಪುಟದಲ್ಲಿ ಹಳೆಯ ಅಕ್ಷರ ಬದಲಿಸುವ ಪಾಠ. ಫೈಲಿನ ಹೆಸರು ಬರುವ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ. ಅಲ್ಲಿ ಬೇಕಾದ ಫೈಲಿನ ಹೆಸರು ಹಾಕಬೇಕು ಎಂದು ನಿಮ್ಮ ಅವ್ವ ಹೇಳಿದ್ದಳು.

ಮೂರನೇ ದಿನ ಅಜ್ಜನ ಫೈಲಿನ ಸರದಿ ಬಂತು.

“ಈಗ ಫೈಲಿನ ಹೆಸರು ಹೊಡಿರಿ,” ಎಂದಳು ನಿಮ್ಮ ಅವ್ವ.

“ಏನ್ ಹೆಸರ್ರಿ?” ಎಂದಳು ಓಣಿಯ ಹುಡುಗಿ, ಬೆರಳು ಎತ್ತಿಕೊಂಡು.

ನಿಮ್ಮ ಅವ್ವ ನನ್ನ ಕಡೆ ನೋಡಿದಳು. ನಾನು ಆಕೆಯ ಕಡೆ ನೋಡಿದೆ. ಗಂಡನ ಹೆಸರನ್ನು ನಾನು ಬಾಯಿಂದ ಹೇಳುವವಳಲ್ಲ, ಮಾವನ ಹೆಸರನ್ನು ಆಕೆ ಹೇಳುವವಳಲ್ಲ. ಕಾಲೇಜಿನಲ್ಲಿ ನೂರು ಮಂದಿಯ ಎದುರು ನಿಂತು ಮಾತಾಡುವ ಹೆಂಗಸು, ನಾಲಿಗೆ ಕಚ್ಚಿಕೊಂಡು ನಿಂತಳು.

“ಅದ... ಮಾವನವರ ಹೆಸರಿನ್ಯಾಗ ಐತಿ,” ಎಂದಳು.

“ಅವರ ಹೆಸರ ಏನ್ರಿ?”

“ಅವರದ,” ಎಂದೆ ನಾನು. ಅದಕ್ಕಿಂತ ಮುಂದೆ ಬರಲಿಲ್ಲ.

ಓಣಿಯ ಹುಡುಗಿ ಸ್ವಲ್ಪ ಕಿಡಿಗೇಡಿ. “ಹಂಗಾರ ಆಯಿ ಒಡಪ ಹೇಳ್ಲಿ. ಒಡಪ ಹೇಳಿದ್ರ ಫೈಲ್ ತೆರಿತೈತಿ, ಇಲ್ಲಾಂದ್ರ ಇಲ್ಲ,” ಎಂದಳು.

ಒಡಪು ನಿಮಗೆ ಗೊತ್ತಲ್ಲ, ಮದುವೆ, ಸೀಮಂತಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದ ಎರಡು ಸಾಲಿನಲ್ಲಿ ಸೇರಿಸಿ ಹೇಳುವುದು. ಗಂಡ ಇದ್ದವರು ಹೇಳುವುದು. ಹೂಲಿಯ ಹುಡುಗಿ ಆಕೆಯ ತೊಡೆ ಚಿವುಟಿದಳು. ಓಣಿಯ ಹುಡುಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಇರ್ಲಿ ಬಿಡವಾ,” ಎಂದೆ. “ಹರೇದಾಗ ಹೇಳಿದ್ದೆ. ಈಗ ಮರತೇನಿ.”

ಮರೆತಿರಲಿಲ್ಲ. ಹೂಲಿಯ ಹುಡುಗಿ ಎದ್ದು ಪರದೆಯ ಮೇಲಿದ್ದ ಹೆಸರನ್ನು ಮನಸ್ಸಿನಲ್ಲೇ ಓದಿಕೊಂಡು, ಮೂವರಿಗೂ ತಾನೇ ಹೊಡೆದುಕೊಟ್ಟಳು. ಒಬ್ಬರೂ ಗಟ್ಟಿಯಾಗಿ ಹೇಳಲಿಲ್ಲ. ಆ ಹುಡುಗಿಯ ತಿಳಿವಳಿಕೆಯನ್ನು ನಾನು ಮರೆಯುವುದಿಲ್ಲ.

ಪ್ರೋಗ್ರಾಮ್ ಸಾಲುಗಳನ್ನು ಎಣಿಸಿತು, ಇನ್ನೂರ ಹನ್ನೆರಡು. ಕಂಪ್ಯೂಟರ್‌ನ ಸಾಲು ನಮ್ಮ ಸಾಲಿನಷ್ಟು ಚಿಕ್ಕದಲ್ಲ, ಎಂಟರ್ ಎಂಬ ಕೀಲಿ ಒತ್ತುವವರೆಗೂ ಒಂದೇ ಸಾಲು. ನಿಮ್ಮ ಅಜ್ಜ ಅದನ್ನು ಒತ್ತುತ್ತಿದ್ದದ್ದು ಅಪರೂಪ. ಎಂಟು ಸಾಲಿಗೆ ಎರಡು ಹಾಳೆ ತುಂಬುತ್ತಿತ್ತು. ನಿಮ್ಮ ಅವ್ವ ಮೊದಲ ಇಪ್ಪತ್ತನಾಲ್ಕು ಸಾಲುಗಳನ್ನು ಆ ಟೋಪಿ ಹಾಕಿದ ಅಕ್ಷರಗಳಲ್ಲೇ ಪ್ರಿಂಟ್ ತೆಗೆದು, ಒಬ್ಬೊಬ್ಬರಿಗೆ ಎಂಟೆಂಟು ಸಾಲು ಹಂಚಿದಳು. ಜೊತೆಗೆ ಯಾವ ಗುರುತಿಗೆ ಯಾವ ಕನ್ನಡ ಅಕ್ಷರ ಎಂಬ ಪಟ್ಟಿ. “ಮನಿಗೆ ಹೋಗಿ ಕೈಲೆ ಬಿಡಿಸಿ ಬರ್ರಿ. ನಮ್ಮ ಪಟ್ಟಿ ಸರಿ ಐತೋ ಇಲ್ಲೋ ಗೊತ್ತಾಕ್ಕೈತಿ. ಆಮ್ಯಾಲ ಎಲ್ಲಾ ಪ್ರೋಗ್ರಾಮಿಗೆ ಬಿಡೋಣು.” ಅಷ್ಟರಲ್ಲಿ ಆಕೆಗೆ ಪೇಪರು ತಿದ್ದಲು ಕರೆ ಬಂತು. ಪಾಠ ಅರ್ಧಕ್ಕೆ ನಿಂತಿತು. ಹುಡುಗಿಯರು ಹಾಳೆ ಹಿಡಿದುಕೊಂಡು ತಂತಮ್ಮ ಮನೆಗೆ ಹೋದರು.

ಇನ್ನು ನನ್ನ ತಪ್ಪಿನ ಮಾತು.

ಪ್ರೋಗ್ರಾಮ್ ಎಲ್ಲವನ್ನೂ ಕನ್ನಡ ಮಾಡಿದ ದಿನ ಅದನ್ನು ಎಲ್ಲರೂ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅದರಲ್ಲಿ ನನ್ನ ಸುದ್ದಿ ಬರುತ್ತದೆ. ನಿಮ್ಮ ಅಪ್ಪನ ಎದುರು, ಹುಡುಗಿಯರ ಎದುರು ಅದನ್ನು ಕೇಳುತ್ತ ನಾನು ಎಲ್ಲಿ ನೋಡಲಿ? ಎಲ್ಲರಿಗಿಂತ ಮೊದಲು ನಾನೊಬ್ಬಳೇ ಒಮ್ಮೆ ಓದಿಬಿಡಬೇಕು ಅನ್ನಿಸಿತು. ಇಷ್ಟೇ ನನ್ನ ಆಸೆ. ನಿಮ್ಮ ಅವ್ವನಿಗೆ ಹೇಳಿದ್ದರೆ ಆಕೆಯೇ ತೆರೆದುಕೊಟ್ಟು ಎದ್ದು ಹೋಗುತ್ತಿದ್ದಳು. ಹೇಳಲು ನಾಚಿಕೆಯಾಯಿತು.

ಒಂದು ಮಧ್ಯಾಹ್ನ ಆಕೆ ಕಾಲೇಜಿಗೆ ಹೋದ ಮೇಲೆ ಕೈಕಾಲು ತೊಳೆದುಕೊಂಡು ಲ್ಯಾಪ್‌ಟಾಪ್ ಮುಂದೆ ಕೂತೆ. ಪೆನ್‌ಡ್ರೈವ್ ಅದಕ್ಕೇ ಇತ್ತು, ಪಾಠದ್ದೆಲ್ಲ ಅದರಲ್ಲೇ. ನೋಟ್‌ಬುಕ್ ತೆರೆದೆ. ನನಗೆ ಬೇಕಾದದ್ದು ಮೂರನೇ ಪುಟ. ಆದರೆ ನಮ್ಮ ಓಣಿಯ ಮಠದಲ್ಲಿ ಶ್ರಾವಣದ ಪುರಾಣವನ್ನು ಯಾರಾದರೂ ನಡುವಿನಿಂದ ಹಚ್ಚಿದ್ದನ್ನು ಕಂಡಿದ್ದೀರಾ? ನಲವತ್ತು ವರ್ಷ ಕೂತು ಕೇಳಿದವಳು ನಾನು. ಮೊದಲ ಪುಟದಿಂದ ಹಿಡಿಯಬೇಕು, ಮಂಗಳದವರೆಗೆ ಬಿಡಬಾರದು. ನಡುವೆ ತೆರೆದವರಿಗೆ ಓದು ದಕ್ಕುವುದಿಲ್ಲ ಎಂದು ನನ್ನ ಅವ್ವನೂ ಹೇಳುತ್ತಿದ್ದಳು. ಹೀಗಾಗಿ ಮೊದಲ ಪುಟದಿಂದಲೇ ಶುರು ಮಾಡಿದೆ. ಬರೆಯುವ ಪಾಠದಿಂದ.

ಖಾಲಿ ಬಿಟ್ಟ ಜಾಗ ಬಂತು. ಪರದೆಯ ಮೇಲಿನ ಹೆಸರನ್ನು ಒಂದೊಂದೇ ಅಕ್ಷರ ನೋಡಿ ಹೊಡೆದೆ. ಬಾಯಿಂದ ಹೇಳಬಾರದು, ಕೈಯಿಂದ ಬರೆಯಲು ಅಡ್ಡಿಯಿಲ್ಲ, ರೇಷನ್ ಅರ್ಜಿಯಲ್ಲಿ ಎಷ್ಟು ಸಲ ಬರೆದಿಲ್ಲ? ಓಡಿಸುವ ಗುಂಡಿ ಒತ್ತಿದೆ. ಕಂಪ್ಯೂಟರ್ ಏನೂ ಅನ್ನಲಿಲ್ಲ. ತಪ್ಪಾದರೆ ಕೆಂಪು ಅಕ್ಷರದಲ್ಲಿ ಬೈಯುತ್ತದೆ ಎಂದು ಪಾಠದಲ್ಲಿ ನೋಡಿದ್ದೆ. ಬೈಯಲಿಲ್ಲವಲ್ಲ, ಸರಿಯಾಯಿತು ಅಂದುಕೊಂಡೆ.

ಎರಡನೇ ಪುಟ ಹೊಡೆದೆ. ಓದುವ ಪಾಠ. ಒಂದು ಸಾಲು ಮೂಡಿತು, ಶುದ್ಧ ಕನ್ನಡದಲ್ಲಿ:

ನಮ್ಮ ಊರು ಬೈಲಹೊಂಗಲ.

ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ನಿಮ್ಮ ಅಜ್ಜ ಹೀಗೆ ಶುರು ಮಾಡಿದ್ದಾರೆ ಎಂದುಕೊಂಡೆ. ಹುಟ್ಟಿದ್ದು ಕಿತ್ತೂರಿನ ಹತ್ತಿರವಾದರೂ ಮನೆ ಕಟ್ಟಿದ ಊರನ್ನೇ ನಮ್ಮ ಊರು ಎಂದಿದ್ದಾರೆ, ದೊಡ್ಡ ಮನಸ್ಸು ಎಂದುಕೊಂಡೆ. ಸೆರಗಿನಿಂದ ಕಣ್ಣು ಒರೆಸಿಕೊಂಡು ಎರಡನೇ ಸಾಲಿಗೆ ಕಾದೆ. ಬರಲಿಲ್ಲ. ಮತ್ತೆ ಓಡಿಸಿದೆ. ಅದೇ ಸಾಲು. ನಾಲ್ಕನೇ ಸಲ ಓಡಿಸುವಾಗ ಕಣ್ಣು ನೋಟ್‌ಬುಕ್ಕಿನ ಮೊದಲ ಪುಟದ ಮೇಲೆ ಬಿತ್ತು. ಅದೇ ಮಾತು, ನನ್ನ ಕೈಬರಹದಲ್ಲಿ, ಕೀಲಿ ಹುಡುಕುವ ಗಡಿಬಿಡಿಯಲ್ಲಿ ಅರ್ಥದ ಕಡೆ ಗಮನವಿಲ್ಲದೆ ಆಗಷ್ಟೇ ನಾನೇ ಹೊಡೆದದ್ದು.

ಅದು ಅವರ ಸಾಲು ಅಲ್ಲ. ಪಾಠದ ಸಾಲು. ಇನ್ನೂರ ಹನ್ನೆರಡು ಸಾಲಿನ ಜಾಗದಲ್ಲಿ ಅದೊಂದೇ ಇತ್ತು.

ಮೂರು ದಿನ ನಾನು ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ಊಟಕ್ಕೆ ಕೂತಾಗ ನಿಮ್ಮ ಅವ್ವ ತುತ್ತಿನಿಂದ ಒಂದು ಸಣ್ಣ ಕಲ್ಲು ತೆಗೆದು ತಾಟಿನ ಅಂಚಿಗೆ ಇಟ್ಟಳು.

“ಅತ್ತಿ, ರೊಟ್ಟ್ಯಾಗ ಹಳ್ಳು ಬಂತ್ರಿ. ನಿನ್ನಿನೂ ಬಂದಿತ್ತು. ನಾ ಈ ಮನಿಗೆ ಬಂದು ಹದಿನಾರು ವರ್ಷ ಆತು, ಒಮ್ಮೆನೂ ಬಂದಿಲ್ಲ. ಏನಾಗೇತಿ ಹೇಳ್ರಿ.”

ನಾನು ಎದ್ದು ನೋಟ್‌ಬುಕ್ ತಂದು ಮೊದಲ ಪುಟ ತೆರೆದು ಆಕೆಯ ಎದುರು ಇಟ್ಟೆ. ಆಕೆ ಎಡಗೈಯಿಂದ ಹಿಡಿದು ಓದಿದಳು.

“ಇದನ್ನ ಓಡಿಸಿದ್ರಿ?”

“ಹೂಂ.”

“ಯಾವ ಫೈಲಿಗೆ?”

ನಾನು ಗೋಡೆಯ ಮೇಲಿನ ಫೋಟೋ ಕಡೆ ಕೈ ಮಾಡಿದೆ.

ಆಕೆ ಅರ್ಧ ಊಟಕ್ಕೇ ಕೈ ತೊಳೆದುಕೊಂಡಳು. ಲ್ಯಾಪ್‌ಟಾಪ್ ಮುಂದೆ ಬಹಳ ಹೊತ್ತು ಕೂತಳು. ಬರೆಯಲು ಎಂದು ಹೇಳಿ ತೆರೆದರೆ ಅದು ಮೊದಲಿದ್ದದ್ದನ್ನೆಲ್ಲ ಅಳಿಸಿಯೇ ಶುರು ಮಾಡುತ್ತದಂತೆ. ಇದನ್ನು ಆಕೆ ಮೊದಲ ದಿನವೇ ಹುಡುಗಿಯರಿಗೆ ಹೇಳಿದ್ದಳು. ನಾನು ಆಗ ಎಲ್ಲರಿಗೂ ಚಹಾ ಇಡಲು ಒಳಗೆ ಹೋಗಿದ್ದೆ.

“ಬೈ, ತಂಗಿ,” ಎಂದೆ. “ಸುಮ್ಮ ಕೂಡಬ್ಯಾಡ.”

“ನಿಮಗೇನ್ ಬೈಲ್ರಿ? ಕಾಪಿ ಮಾಡಿ ಇಡ್ರಿ, ಎರಡ ಕಡೆ ಇಡ್ರಿ ಅಂತ ಪ್ರತಿ ವರ್ಷ ಹುಡುಗ್ರ ಮುಂದ ಬಡಕೋತೇನಿ. ಮನ್ಯಾಗ ನಾನ ಇಡಲಿಲ್ಲ. ಮಾವನವರು ಎರಡು ವರ್ಷ ಕುಂತು ಹೊಡದದ್ದು.” ಆಕೆ ಲ್ಯಾಪ್‌ಟಾಪ್ ಮುಚ್ಚಿದಳು. ನನ್ನ ಕಡೆ ತಿರುಗಿ, “ನೀವು ಮೂರ ದಿನ ಇದನ್ನ ಹೊಟ್ಯಾಗ ಇಟಗೊಂಡ ರೊಟ್ಟಿ ಬಡದೀರಿ?” ಎಂದಳು. ನಾನು ಅತ್ತದ್ದು ಆಗಲೇ.

ನಿಮ್ಮ ಅಪ್ಪ ಪೆನ್‌ಡ್ರೈವ್ ಅನ್ನು ಬೆಳಗಾವಿಯ ಒಂದು ಅಂಗಡಿಗೂ ಒಯ್ದು ಬಂದ. ಚೂರು ಪಾರು ಗುರುತುಗಳ ಹೊರತು ಏನೂ ಬರಲಿಲ್ಲ. ಆಗ ನಿಮ್ಮ ಅವ್ವನಿಗೆ ಹುಡುಗಿಯರಿಗೆ ಹಂಚಿದ ಹಾಳೆಗಳು ನೆನಪಾದವು. ಫೋನ್ ಮಾಡಿದಳು. ಕಿತ್ತೂರಿನವಳು ಬಿಡಿಸಿ ಮುಗಿಸಿದ್ದಳು, ಹೂಲಿಯವಳೂ ಮುಗಿಸಿದ್ದಳು. ಓಣಿಯವಳು ಅಜ್ಜಿಯ ಊರಿಗೆ ಹೋಗಿದ್ದಳು, ಫೋನ್ ಹತ್ತಲಿಲ್ಲ.

“ಫೋಟೋ ತಗದು ಮೊಬೈಲಿಗೆ ಕಳಸ್ತಾರಂತ್ರಿ ಅತ್ತಿ.”

“ಅದೂ ಒಂದು ಫೈಲ ಅಲ್ಲೇನು?” ಎಂದೆ. “ಬ್ಯಾಡ. ನಾನ ಹೋಗಿ ಹಾಳಿ ತರ್ತೇನಿ. ಕಳದಾಕಿ ನಾನು.”

ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಯಾವಾಗಲೂ ಅವರು ಮುಂದೆ, ನಾನು ಹಿಂದೆ. ಕಂಡಕ್ಟರ್ ಎದುರು ಬಂದಾಗ ಆಧಾರ್ ಕಾರ್ಡ್ ಹಿಡಿದು ತೋರಿಸಿದೆ, ಊರಿನ ಹೆಸರು ಬಾಯಿಂದ ಬರಲಿಲ್ಲ.

“ಎಲ್ಲಿಗಿ ಬೇ? ಕಾರ್ಡಿನ್ಯಾಗ ನಿಮ್ಮ ಫೋಟೋ ಐತಿ, ಹೋಗೂ ಊರು ಇಲ್ಲ,” ಎಂದ. ಬಸ್ಸಿನವರೆಲ್ಲ ನಕ್ಕರು. “ಕಿತ್ತೂರು,” ಎಂದೆ. ಅಷ್ಟಕ್ಕೇ ಬೆವರಿದ್ದೆ.

ಹುಡುಗಿಯ ಮನೆ ಹೈವೇ ಪಕ್ಕದಲ್ಲಿ, ಅಪ್ಪನದು ಟೈರ್ ಪಂಕ್ಚರ್ ಅಂಗಡಿ. ಆಕೆಯ ಅವ್ವ ಚುರುಮರಿ ಕಲಸಿ ಕೊಟ್ಟು, ಲಾರಿಗಳ ಸದ್ದಿನ ನಡುವೆ ಮಗಳಿಗೆ “ಗಟ್ಟ್ಯಾಗಿ ಓದ, ಆಯಿಗೆ ಕೇಳಬೇಕು” ಎಂದಳು. ಮೊದಲ ಎಂಟು ಸಾಲು ನಿಮ್ಮ ಅಜ್ಜನ ಬಾಲ್ಯದ್ದು. ಮೊದಲ ದಿನ ಸಾಲಿಗೆ ಹೋಗಲು ಹೆದರಿ ಮನೆಯಲ್ಲಿದ್ದ ಹತ್ತಿಯ ರಾಶಿಯೊಳಗೆ ಅಡಗಿದ್ದರಂತೆ. ಅವರ ಅವ್ವ ಕಾಲು ಹಿಡಿದು ಎಳೆದು, ಹಾಗೆಯೇ ಒಯ್ದು ಸಾಲಿಯಲ್ಲಿ ಕೂಡಿಸಿದರಂತೆ. ತಲೆ ಹುಬ್ಬು ಎಲ್ಲ ಬೆಳ್ಳಗಾಗಿದ್ದವರನ್ನು ನೋಡಿ ಮಾಸ್ತರರು, “ಏನಪಾ ಮುತ್ತ್ಯಾ, ಈ ವಯಸ್ಸಿನ್ಯಾಗ ಸಾಲಿಗೆ ಬಂದಿ?” ಎಂದರಂತೆ. ಹುಡುಗಿಯ ಅಪ್ಪ ಟೈರು ಬಿಟ್ಟು ಬಂದು ಬಾಗಿಲಲ್ಲಿ ನಿಂತು ಕೇಳಿ ನಕ್ಕ. ಇದನ್ನು ಅವರು ನನಗೆ ಎಂದೂ ಹೇಳಿರಲಿಲ್ಲ. ಅದರಲ್ಲಿ ನನ್ನ ಸುದ್ದಿ ಇರಲಿಲ್ಲ. ಹುಡುಗಿ ತನ್ನ ನೋಟ್‌ಬುಕ್ಕಿನ ಹಾಳೆಗಳನ್ನು ಹರಿಯದ ಹಾಗೆ ಬಿಡಿಸಿ ಕೊಟ್ಟಳು.

ಎರಡು ದಿನ ಬಿಟ್ಟು ಹೂಲಿಗೆ ಹೋದೆ. ಸವದತ್ತಿಯಲ್ಲಿ ಬಸ್ಸು ಬದಲಿಸಬೇಕು. ಈ ಸಲ ಊರಿನ ಹೆಸರು ಮೊದಲೇ ಹೇಳಿಕೊಂಡು ಹತ್ತಿದೆ. ಮದುವೆಯಾದ ಹೊಸತರಲ್ಲಿ ನಾವು ಹೂಲಿಯಲ್ಲೇ ಇದ್ದೆವು, ಅವರ ಮೊದಲ ನೌಕರಿ ಅಲ್ಲಿ. ನಾವಿದ್ದ ಖೋಲಿಯಲ್ಲಿ ಈಗ ಕಿರಾಣಿ ಅಂಗಡಿ. ಹುಡುಗಿಯ ಮನೆ ಹಳೆಯ ಗುಡಿಯ ಹಿಂದೆ. ಆಕೆ ಓದಲು ಶುರು ಮಾಡಿ ಎರಡು ಸಾಲು ಮುಗಿಸಿದಳು, ಸಾಲಿಯ ಸುದ್ದಿ, ಸೋರುವ ಹಂಚಿನ ಸುದ್ದಿ. ಮೂರನೆಯದಕ್ಕೆ ನಿಲ್ಲಿಸಿದಳು.

“ಆಯಿ, ಮುಂದಿಂದು ನಿಮ್ಮದ ಐತಿ. ನೀವ ಓದ್ಕೋರಿ,” ಎಂದು ನೋಟ್‌ಬುಕ್ ನನ್ನ ಕೈಗೆ ಕೊಟ್ಟು, ತಮ್ಮ ಮನೆಯವರನ್ನೆಲ್ಲ ಹಿತ್ತಿಲಿಗೆ ಕರೆದುಕೊಂಡು ಹೋದಳು.

ಅದನ್ನು ಇಲ್ಲಿ ಅವರ ಮಾತಿನಲ್ಲೇ ಇಳಿಸುತ್ತೇನೆ.

‘ಮದುವೆಯಾಗಿ ಎರಡು ತಿಂಗಳಾದರೂ ಅವಳು ನನ್ನೆದುರು ಮಾತಾಡಲಿಲ್ಲ. ಮನೆಗೆ ಬೇಕಾದದ್ದನ್ನು ಪಾಟಿಯ ಮೇಲೆ ಬರೆದು ಹೊಸ್ತಿಲ ಹತ್ತಿರ ಇಡುತ್ತಿದ್ದಳು. ಉಪ್ಪು. ಕಡ್ಡಿಪೆಟ್ಟಿಗೆ. ಅಕ್ಷರ ದುಂಡಗಿದ್ದವು, ತಿದ್ದಲು ಏನೂ ಇರಲಿಲ್ಲ. ಒಂದು ದಿನ ಎಣ್ಣೆಯ ಕೆಳಗೆ, ‘ಮುಂದಿನ ಇಯತ್ತೆಯ ಪುಸ್ತಕ ಇದ್ದರೆ’ ಎಂದು ಬರೆದಿದ್ದಳು. ನಾನು ನಕ್ಕೆ. ನಕ್ಕದ್ದನ್ನು ಅವಳು ಒಳಗಿನಿಂದ ನೋಡಿದಳು. ಮರುದಿನ ಪಾಟಿಯ ಮೇಲೆ ಬರೀ ಎಣ್ಣೆ, ಉಪ್ಪು. ಊರ ಮಕ್ಕಳಿಗೆಲ್ಲ ಓದು ಕಲಿಸಿದೆ. ಈ ಮಾತು ಅವಳೆದುರು ಎತ್ತಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದ್ದೇನೆ. ಅವಳಿಗೆ ನಾನು ಹೇಳಬೇಕಾದದ್ದು ಇಷ್ಟು:’

ಆಕೆಯ ಪಾಲಿನ ಎಂಟನೇ ಸಾಲು ಅಲ್ಲಿಗೆ ಮುಗಿದಿತ್ತು. ಅಪರೂಪಕ್ಕೆ ಎಂಟರ್ ಒತ್ತುವವರು ಅಲ್ಲಿ ಒತ್ತಿದ್ದರು.

ಆ ಪಾಟಿ ನನಗೆ ನೆನಪಿತ್ತು. ಅವರಿಗೂ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ. ಹುಡುಗಿ ಬಂದು ನೋಡಿದಾಗ ನಾನು ಅದೇ ಪುಟ ಹಿಡಿದುಕೊಂಡು ಕೂತಿದ್ದೆ. ಏನೂ ಕೇಳದೆ ಒಂದು ಚಂಬು ನೀರು ತಂದಿಟ್ಟಳು.

ಅದರ ಮುಂದಿನ ಸಾಲು, ಫೈಲಿನ ಹದಿನೇಳನೆಯದು, ನಮ್ಮ ಓಣಿಯ ಹುಡುಗಿಯ ಹತ್ತಿರ. ಆಕೆ ಊರಿನಿಂದ ಬಂದ ಸುದ್ದಿ ತಿಳಿದ ದಿನ ನಾನು ಸೆರಗು ಸರಿಮಾಡಿಕೊಂಡು ಹೊರಟೆ. ನಿಮ್ಮ ಅವ್ವ ಜೊತೆಗೆ ಬಂದಳು. ನಾವು ಕೇಳಿದ್ದು ತಿಳಿದೊಡನೆ ಹುಡುಗಿಯ ಮುಖ ಸಣ್ಣದಾಯಿತು.

“ನಾ ಹೋಮ್‌ವರ್ಕ್ ಮಾಡಿಲ್ರಿ ಮ್ಯಾಡಮ್.”

“ಇರ್ಲಿ, ಹಾಳಿ ಕೊಡು. ನಾನ ಬಿಡಿಸ್ತೇನಿ.”

ಆಕೆ ಅವ್ವನ ಕಡೆ ನೋಡಿದಳು. ಆ ತಾಯಿ, ಹೊಲದ ಕೆಲಸದಿಂದ ಆಗಷ್ಟೇ ಬಂದವಳು, ಕೈಯಲ್ಲಿ ಇನ್ನೂ ಕಳೆ ತೆಗೆಯುವ ಕುರುಪಿ ಇತ್ತು.

“ಯವ್ವಾ, ಅದರಾಗ ಏನೂ ಇದ್ದಿಲ್ರಿ,” ಎಂದಳು. “ಎಲ್ಲಾ ಗಿಚಿಗಿಚಿ ಇತ್ತು. ಮಿಷನ್ ಕೆಟ್ಟ ಹಾಳಿ ಅಂತ ನೀರೊಲಿಗೆ ಹಾಕೀನ್ರಿ. ಓದಾಕ ಬರೂವಂಥಾದ್ದು ಇದ್ರ ಒಂದ ಚೂರೂ ಸುಡಾಕಿ ಅಲ್ರಿ ನಾ. ಈಕಿ ಒಂದನೇ ಇಯತ್ತೆ ಪುಸ್ತಕನೂ ಇಟ್ಟೇನಿ.”

ಹುಡುಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ನನಗೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಏನೂ ಇಲ್ಲವೆಂದು ಕಂಡದ್ದನ್ನು ಆ ತಾಯಿ ಒಲೆಗೆ ಹಾಕಿದಳು. ಅಲ್ಲಿ ಏನಿದೆ ಎಂದು ಗೊತ್ತಿದ್ದೂ ನಾನು ಅಳಿಸಿದೆ.

“ಅಳಬ್ಯಾಡ ತಂಗಿ,” ಎಂದೆ. “ನೀ ಎಂಟು ಸಾಲು ಕಳದಿ, ನಾ ಎಲ್ಲಾ ಕಳದಾಕಿ. ನಮ್ಮಿಬ್ಬರಾಗ ಯಾರ ಅಳಬೇಕು ಹೇಳು.”

ಆಕೆಗೆ ಅಳುವಿನ ನಡುವೆಯೇ ನಗು ಬಂತು. ತಾಯಿ ಒಳಗೆ ಹೋಗಿ ಸೇರು ಶೇಂಗಾ ತಂದು ನನ್ನ ಸೆರಗಿಗೆ ಹಾಕಿದಳು. ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಅವಳಿಗೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ದಾರಿಯಲ್ಲಿ ನಿಮ್ಮ ಅವ್ವ, “ಮಾವನವರು ಏನ್ ಬರದಿರಬೇಕ್ರಿ?” ಎಂದು ಮೆಲ್ಲಗೆ ಕೇಳಿದಳು.

“ಗೊತ್ತಿಲ್ಲವಾ,” ಎಂದೆ. ಅದು ನಿಜ. ತಪ್ಪಾಯಿತು ಎಂದು ಬರೆದಿರಬಹುದು. ಅವಳು ಕೇಳಿದ್ದು ಒಂದೇ ಸಲ ಎಂದು ಬರೆದಿರಬಹುದು. ಆ ಕಾಲವೇ ಹಾಗಿತ್ತು ಎಂದೂ ಬರೆದಿರಬಹುದು. ನಾನು ಊಹಿಸಿ ಇಲ್ಲಿ ಸೇರಿಸುವುದಿಲ್ಲ, ಅವರು ಹೇಳದ್ದನ್ನು ಅವರ ಬಾಯಲ್ಲಿ ಹಾಕಿದಂತಾಗುತ್ತದೆ. ನನ್ನ ಕಡೆಯದನ್ನು ಮಾತ್ರ ಹೇಳಬಲ್ಲೆ. ಅವರು ನಕ್ಕಾಗ ನನಗೆ ನೋವಾಗಿತ್ತು. ಎರಡನೇ ಸಲ ಕೇಳಲು ನಾಚಿಕೆ ಬಿಡಲಿಲ್ಲ. ಕೇಳಿದ್ದರೆ ತಂದುಕೊಡುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಬಾಯಿ ತೆರೆದು ಮುಚ್ಚಿದವರು ಅವರೊಬ್ಬರೇ ಅಲ್ಲ. ಈ ಮಾತನ್ನು ಅವರಿಗೆ ಹೇಳಲು ಈಗ ದಾರಿಯಿಲ್ಲ, ಅದಕ್ಕೆ ಅವರು ಯಾರಿಗಾಗಿ ಬರೆಯುತ್ತಿದ್ದರೋ ಆ ನಿಮಗೇ ಹೇಳುತ್ತಿದ್ದೇನೆ.

ಇದರ ಹಿಂದೆ ಸೇರಿಸಿದ ಹಾಳೆಗಳಲ್ಲಿ ಹದಿನಾರು ಸಾಲನ್ನೂ ಒಂದಕ್ಷರ ಬಿಡದೆ ಇಳಿಸಿದ್ದೇನೆ. ನಿಮ್ಮ ಅವ್ವ ಇವನ್ನು ಕಂಪ್ಯೂಟರ್‌ನಲ್ಲೂ ಹಾಕುತ್ತಾಳಂತೆ, ಹಾಕಲಿ. ಆದರೂ ನಾನು ಎಲ್ಲವನ್ನೂ ಕೈಯಿಂದ ಎರಡು ಸಲ ಬರೆದಿದ್ದೇನೆ, ಚಿನ್ನವ್ವನಿಗೊಂದು, ಪುಟ್ಟಪ್ಪನಿಗೊಂದು. ಎರಡನೇ ಸಲ ಬರೆಯುವಾಗ ಕೈ ಸೋತಿತ್ತು, ಪುಟ್ಟಪ್ಪನದರಲ್ಲಿ ಅಕ್ಷರ ಸ್ವಲ್ಪ ಸೊಟ್ಟಗಿವೆ, ನನ್ನದು ಯಾಕೆ ಹೀಗೆ ಎಂದು ಜಗಳ ತೆಗೆಯಬೇಡ. ಇಬ್ಬರೂ ಒಂದೇ ಕಡೆ ಇಡಬೇಡಿ. ನೀರು ತಾಗದ, ಯಾರ ಕೈಗೂ ರದ್ದಿಯೆಂದು ಸಿಗದ ಜಾಗ ನೋಡಿ ಇಡಿ. ಒಬ್ಬರದು ಕಳೆದರೆ ನಾಚಿಕೆಪಟ್ಟು ಮೂರು ದಿನ ಸುಮ್ಮನಿರದೆ, ಅಂದೇ ಇನ್ನೊಬ್ಬರನ್ನು ಕೇಳಿ ಇಳಿಸಿಕೊಳ್ಳಿ.